ನಿಖರ ರೈಫಲ್‌ನ ಹ್ಯಾಂಡ್‌ಗಾರ್ಡ್: ತೂಕದ ಮಾನದಂಡಕ್ಕೊಂದು ಖಂಡನೆ

ಅಮೆರಿಕದಲ್ಲಿ ಎಆರ್-15 ಮಾದರಿಯ ರೈಫಲ್‌ಗಳನ್ನು ಬಿಡಿಭಾಗಗಳಿಂದ ಜೋಡಿಸಿಕೊಂಡು ದೂರದ ಗುರಿಗೆ ನಿಖರವಾಗಿ ಹೊಡೆಯುವ ಹವ್ಯಾಸಿಗಳಲ್ಲಿಯೂ ಅವರಿಗೆ ಭಾಗಗಳನ್ನು ಮಾರುವವರಲ್ಲಿಯೂ ಒಂದು ಅಭಿಪ್ರಾಯ ಇಂದು ಪ್ರಶ್ನಾತೀತವೆಂಬಂತೆ ನೆಲೆಯೂರಿದೆ. ಹ್ಯಾಂಡ್‌ಗಾರ್ಡ್ ಒಮ್ಮೆ ‘ಫ್ರೀ-ಫ್ಲೋಟ್’ ಆಗಿದ್ದರೆ, ಅಂದರೆ ನಳಿಗೆಯನ್ನು ಎಲ್ಲಿಯೂ ಮುಟ್ಟದಂತೆ ಅದರ ಸುತ್ತ ನಿಂತಿದ್ದರೆ, ನಿಖರತೆಯ ಮಟ್ಟಿಗೆ ಅದರ ಕೆಲಸ ಮುಗಿಯಿತು. ಆಮೇಲೆ ಆಯ್ಕೆಗೆ ಉಳಿಯುವುದು ತೂಕ, ಉದ್ದ, ಉಪಕರಣ ಸಿಕ್ಕಿಸುವ ಸೀಳುಗಳ ಸಂಖ್ಯೆ ಮತ್ತು ಅಂದ ಮಾತ್ರ ಎಂಬುದು ಆ ಅಭಿಪ್ರಾಯದ ತಿರುಳು. ಹೀಗಾಗಿ ಆದಷ್ಟು ಹಗುರವೂ ಸಪೂರವೂ ಉದ್ದವೂ ಆದ ಕೊಳವೆಯೇ ಉತ್ತಮವೆಂಬ ತೀರ್ಮಾನ ತಾನಾಗಿ ಹೊರಡುತ್ತದೆ. ಈ ತೀರ್ಮಾನವು ಹೊತ್ತು ನಡೆಯುವ ಬೇಟೆಯ ಕೋವಿಗೆ ಒಪ್ಪಬಹುದಾದರೂ ನಿಖರತೆಗಾಗಿಯೇ ಕಟ್ಟುವ ರೈಫಲ್‌ಗೆ ಸರ್ವಥಾ ಒಪ್ಪುವಂಥದ್ದಲ್ಲ. ಅದು ಹ್ಯಾಂಡ್‌ಗಾರ್ಡನ್ನು ಕವಚವೆಂದು ಎಣಿಸುತ್ತದೆಯೇ ಹೊರತು ಭಾರ ಹೊರುವ ಅಂಗವೆಂದು ಕಾಣುವುದಿಲ್ಲ.

ವಾದದ ಬುಡವನ್ನು ಹಿಡಿಯಲು ರಚನೆಯನ್ನು ಮೊದಲು ತಿಳಿಯಬೇಕು. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಸಂಸ್ಥೆಯಲ್ಲಿ ಯೂಜೀನ್ ಸ್ಟೋನರ್ ಮತ್ತು ಅವನ ಸಹೋದ್ಯೋಗಿಗಳು ರೂಪಿಸಿದ ಎಆರ್-15 ಹಾಗೂ ಅದರಿಂದ ಬಂದ ಸೈನ್ಯದ ಎಂ16 ರೈಫಲ್‌ಗಳಲ್ಲಿ, ಕೈಗೆ ನಳಿಗೆಯ ಬಿಸಿ ತಾಗದಂತೆ ಕಾಯುವ ಹ್ಯಾಂಡ್‌ಗಾರ್ಡ್ ಎರಡು ಹೋಳುಗಳ ಪ್ಲಾಸ್ಟಿಕ್ ಕವಚವಾಗಿತ್ತು. ಅದರ ಹಿಂತುದಿಯನ್ನು ಸ್ಪ್ರಿಂಗ್ ಇರುವ ಒಂದು ಬಳೆಯೂ ಮುಂತುದಿಯನ್ನು ನಳಿಗೆಯ ಮೇಲೆಯೇ ಕೂತ ಲೋಹದ ಮುಚ್ಚಳವೂ ಹಿಡಿಯುತ್ತಿದ್ದವು. ಸ್ಲಿಂಗ್ ಎಂಬ ತೋಳುಪಟ್ಟಿಯ ಮುಂಕೊಂಡಿಯೂ ನಳಿಗೆಗೆ ಪಿನ್ನು ಹೊಡೆದು ಕೂರಿಸಿದ ಮುಂಗುರಿಯ ತಳಕ್ಕೆ ಸೇರಿತ್ತು. ಪಟ್ಟಿಯನ್ನು ತೋಳಿಗೆ ಬಿಗಿದು ಮಲಗಿ ಹೊಡೆಯುವವನ ಎಳೆತವಾಗಲಿ, ಕವಚವನ್ನು ಮರಳಿನ ಚೀಲದ ಮೇಲೆ ಊರಿದವನ ಒತ್ತಡವಾಗಲಿ ನೇರವಾಗಿ ನಳಿಗೆಯನ್ನು ಬಾಗಿಸುತ್ತಿತ್ತು. ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡ್ ಇದಕ್ಕೆ ಪರಿಹಾರವಾಗಿ ಬಂದಿತು: ಅದು ಹಿಂತುದಿಯಲ್ಲಿ ಮಾತ್ರ, ನಳಿಗೆಯನ್ನು ರಿಸೀವರ್‌ಗೆ ಬಿಗಿಯುವ ‘ಬ್ಯಾರಲ್ ನಟ್’ ಎಂಬ ತಿರುಪಿಗೋ ನೇರವಾಗಿ ರಿಸೀವರ್‌ಗೋ ಹಿಡಿದು, ಮುಂದಕ್ಕೆ ನಳಿಗೆಯನ್ನು ಮುಟ್ಟದೆ ಚಾಚಿರುತ್ತದೆ. ರಿಸೀವರ್ ಎಂದರೆ ಗುಂಡು ಸಿಡಿಸುವ ಯಂತ್ರಭಾಗವನ್ನು ಒಳಗಿಟ್ಟುಕೊಂಡ, ಸ್ಕೋಪನ್ನು ಬೆನ್ನ ಮೇಲೆ ಹೊತ್ತ ಅಲ್ಯೂಮಿನಿಯಂ ಒಡಲು.

ಈ ಬದಲಾವಣೆಯ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಓಹಾಯೊ ರಾಜ್ಯದ ಕ್ಯಾಂಪ್ ಪೆರ್ರಿಯಲ್ಲಿ ನಡೆಯುವ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ 1990ರ ದಶಕದಲ್ಲಿ ಎಂ16 ವರ್ಗದ ರೈಫಲ್‌ಗಳು ಹಳೆಯ ಎಂ14 ಅನ್ನು ಹಿಂದಿಕ್ಕಿದ್ದಕ್ಕೆ ಇದ್ದ ಕಾರಣಗಳಲ್ಲಿ, ಸೈನ್ಯದ ರೈಫಲ್‌ನ ಹೊರರೂಪ ಕೆಡದಂತೆ ಮಾಮೂಲಿ ಕವಚದ ಒಳಗೆ ಬಚ್ಚಿಟ್ಟ ಲೋಹದ ಫ್ರೀ-ಫ್ಲೋಟ್ ಕೊಳವೆಯೂ ಒಂದು. ಸ್ಲಿಂಗ್‌ನ ಕೊಂಡಿ ನಳಿಗೆಯನ್ನು ಬಿಟ್ಟು ಆ ಕೊಳವೆಗೆ ಸೇರಿದ್ದರಿಂದ ಪಟ್ಟಿಯ ಎಳೆತಕ್ಕೆ ನಳಿಗೆ ಬಾಗುವುದು ನಿಂತಿತು. ಆದರೆ ಈ ಯಶಸ್ಸಿನಿಂದ ಜನ ಕಲಿತ ಪಾಠ ಅರ್ಧ ಮಾತ್ರ. ಆ ಕೊಳವೆ ಗೆದ್ದದ್ದು ನಳಿಗೆಯನ್ನು ಮುಟ್ಟಲಿಲ್ಲವೆಂಬ ಒಂದೇ ಕಾರಣಕ್ಕಲ್ಲ, ಬಿಗಿದ ಪಟ್ಟಿಯ ಇಡೀ ಎಳೆತವನ್ನು ತಾನು ಹೊತ್ತು ರಿಸೀವರ್‌ಗೆ ದಾಟಿಸಿದ್ದಕ್ಕೆ. ಮುಟ್ಟದಿರುವುದು ಆ ಕೆಲಸದ ಮೊದಲ ಷರತ್ತು. ಹೊರುವುದು ಅದರ ತಿರುಳು. ಪ್ರಚಲಿತ ಅಭಿಪ್ರಾಯವು ಷರತ್ತನ್ನೇ ಫಲವೆಂದು ಭಾವಿಸಿ ತಿರುಳನ್ನು ಕೈಬಿಟ್ಟಿದೆ.

ಈ ಎಡವಟ್ಟಿಗೆ ಕಾರಣ ಅಳತೆಯ ವಿಧಾನದಲ್ಲಿದೆ. ನಿಖರತೆಯನ್ನು ಅಳೆಯುವಾಗ ಎರಡು ಬೇರೆ ಗುಣಗಳನ್ನು ಬೇರೆಯಾಗಿಯೇ ನೋಡಬೇಕು. ಒಂದು, ಒಂದೇ ಭಂಗಿಯಲ್ಲಿ ಒಂದೇ ಆಸರೆಯ ಮೇಲಿಟ್ಟು ಸಾಲಾಗಿ ಹೊಡೆದ ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದು; ಇದನ್ನು ಶೂಟಿಂಗ್ ಭಾಷೆಯಲ್ಲಿ ‘ಗ್ರೂಪ್’ ಎನ್ನುತ್ತಾರೆ. ಇನ್ನೊಂದು, ಆಸರೆಯೋ ಭಂಗಿಯೋ ಬದಲಾದಾಗ ಆ ಇಡೀ ಗ್ರೂಪ್ ತನ್ನ ಜಾಗದಲ್ಲಿಯೇ ನಿಲ್ಲುತ್ತದೆಯೋ ಪಕ್ಕಕ್ಕೆ ಸರಿಯುತ್ತದೆಯೋ ಎಂಬುದು. ಸ್ಕೋಪಿನ ನೋಟವೂ ಗುಂಡು ತಾಗುವ ಬಿಂದುವೂ ಒಂದಾಗುವಂತೆ ಮಾಡಿದ ಹೊಂದಾಣಿಕೆಗೆ ‘ಝೀರೋ’ ಎಂಬ ಹೆಸರಿರುವುದರಿಂದ ಈ ಎರಡನೆಯ ಗುಣವನ್ನು ಝೀರೋದ ಸ್ಥಿರತೆ ಎನ್ನಬಹುದು. ಹ್ಯಾಂಡ್‌ಗಾರ್ಡ್‌ಗಳನ್ನು ಹೋಲಿಸುವವರು ಬಹುಮಟ್ಟಿಗೆ ಮೊದಲನೆಯದನ್ನು ಮಾತ್ರ ಅಳೆಯುತ್ತಾರೆ. ಮೇಜಿನ ಮೇಲಿನ ಮರಳುಚೀಲದಲ್ಲಿ ರೈಫಲ್ ಪ್ರತಿಸಲವೂ ಒಂದೇ ರೀತಿ ಕೂರುವುದರಿಂದ ಹ್ಯಾಂಡ್‌ಗಾರ್ಡ್ ಮೇಲಿನ ಭಾರವೂ ಒಂದೇ ಆಗಿರುತ್ತದೆ. ಬಾಗುವ ಕೊಳವೆಯೂ ಪ್ರತಿಸಲ ಅಷ್ಟೇ ಬಾಗುತ್ತದೆ. ಹೀಗಾಗಿ ಗ್ರೂಪ್ ಕೆಡುವುದಿಲ್ಲ. ಅಲ್ಲಿಂದ ಹ್ಯಾಂಡ್‌ಗಾರ್ಡ್‌ಗಳ ನಡುವೆ ವ್ಯತ್ಯಾಸವೇ ಇಲ್ಲವೆಂಬ ತೀರ್ಮಾನಕ್ಕೆ ಜಿಗಿಯುವುದು ಭಾರವೇ ಬದಲಾಗದ ಪರೀಕ್ಷೆಯಿಂದ ಭಾರ ಹೊರುವ ಅಂಗವನ್ನು ತೀರ್ಮಾನಿಸಿದಂತೆ.

ಭಾರ ಬದಲಾದಾಗ ಆಗುವುದೇನು ಎಂಬುದಕ್ಕೆ ಸರಳ ಯಂತ್ರಶಾಸ್ತ್ರ ಉತ್ತರ ಕೊಡುತ್ತದೆ. ಫ್ರೀ-ಫ್ಲೋಟ್ ಕೊಳವೆ ಗೋಡೆಯಿಂದ ಹೊರಚಾಚಿದ ಸಜ್ಜದ ಹಾಗೆ: ಒಂದು ತುದಿಯಲ್ಲಿ ಹಿಡಿತ, ಇನ್ನೊಂದು ತುದಿ ಬಯಲು. ಬಯಲ ತುದಿಯ ಮೇಲೆ ಭಾರ ಬಿದ್ದಾಗ ಹಿಡಿತದ ಬುಡದಲ್ಲಿ ಉಂಟಾಗುವ ತಿರುಚುವ ಬಲ ದೂರಕ್ಕೆ ನೇರ ಅನುಪಾತದಲ್ಲಿ ಬೆಳೆಯುತ್ತದೆ, ಕೊಳವೆ ಬಾಗುವ ಪ್ರಮಾಣವಾದರೋ ದೂರದ ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಬೈಪಾಡ್ ಎಂಬ ಎರಡು ಕಾಲಿನ ಆಸರೆಯನ್ನು ಬುಡದಿಂದ 12 ಅಂಗುಲ ದೂರದಲ್ಲಿ ಕೂರಿಸುವ ಬದಲು 15 ಅಂಗುಲ ದೂರದಲ್ಲಿ ಕೂರಿಸಿದರೆ, ಅದೇ ಅಡ್ಡಕೊಯ್ತದ ಕೊಳವೆ ಅದೇ ಭಾರಕ್ಕೆ ಸುಮಾರು ಎರಡು ಪಟ್ಟು ಬಾಗುತ್ತದೆ. ದೂರಕ್ಕೆ ಸರಿದ ಬೈಪಾಡ್ ರೈಫಲನ್ನು ಅಲುಗದಂತೆ ನಿಲ್ಲಿಸುತ್ತದೆಂಬುದು ನಿಜ, ಆದರೆ ಆ ಲಾಭದ ಬೆಲೆಯನ್ನು ಕೊಳವೆಯೂ ಅದರ ಬುಡವೂ ತೆರುತ್ತವೆ. ಉದ್ದವನ್ನು ಬಯಸುವವನು ಪೆಡಸನ್ನೂ ಬಯಸಲೇಬೇಕು.

ಬುಡದ ವಿಷಯ ಇನ್ನೂ ಗಂಭೀರವಾದುದು. ಎಆರ್-15ರಲ್ಲಿ ನಳಿಗೆಯ ಹಿಂತುದಿಗೆ ತಿರುಪಿದ ಉಕ್ಕಿನ ತುಂಡೊಂದು, ವ್ಯಾಸದಲ್ಲಿ ಸುಮಾರು 25 ಮಿಲಿಮೀಟರ್‌ನದು, ಅಲ್ಯೂಮಿನಿಯಂ ರಿಸೀವರ್‌ನ ಮುಂಬಾಯಿಯೊಳಗೆ ಕೂರುತ್ತದೆ. ಅದರ ಅಂಚನ್ನು ಬ್ಯಾರಲ್ ನಟ್ ಮುಂದಿನಿಂದ ಅಮುಕಿ ಹಿಡಿಯುತ್ತದೆ. ಬಹುತೇಕ ಹ್ಯಾಂಡ್‌ಗಾರ್ಡ್‌ಗಳು ತಮ್ಮ ಹಿಡಿತವನ್ನು ಪಡೆಯುವುದು ಇದೇ ನಟ್‌ನಿಂದ. ಅಂದರೆ ಬೈಪಾಡ್‌ನ ಒತ್ತಡವೂ ಸ್ಲಿಂಗ್‌ನ ಎಳೆತವೂ ನಳಿಗೆಯನ್ನು ಮುಟ್ಟದೆ ಸುತ್ತಿ ಬಂದು, ಕೊನೆಗೆ ನಳಿಗೆಯನ್ನು ಹಿಡಿದಿರುವ ಸಂಧಿಯನ್ನೇ ತಿರುಚುತ್ತವೆ. ಆ ಸಂಧಿಯ ಒಂದು ಅಂಚು ಇನ್ನೊಂದಕ್ಕಿಂತ ಎರಡೂವರೆ ಮೈಕ್ರಾನ್, ಎಂದರೆ ಒಂದು ಮಿಲಿಮೀಟರ್‌ನ ನಾನೂರನೆಯ ಒಂದು ಭಾಗದಷ್ಟು ಸರಿದರೆ ಸಾಕು, ನಳಿಗೆಯ ದಿಕ್ಕು ಹತ್ತು ಸಾವಿರಕ್ಕೆ ಒಂದರಷ್ಟು ವಾಲುತ್ತದೆ. 100 ಮೀಟರ್‌ನಲ್ಲಿ 10 ಮಿಲಿಮೀಟರ್, 500 ಮೀಟರ್‌ನಲ್ಲಿ 50 ಮಿಲಿಮೀಟರ್ ಗುಂಡು ಪಕ್ಕಕ್ಕೆ ಹೋಗುತ್ತದೆ. ಗುರಿಗಾರರು ಕೋನವನ್ನು ಅಳೆಯುವ ಮಾನ ಎಂಒಎ, ಅದು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ, 100 ಮೀಟರ್‌ನಲ್ಲಿ ಸುಮಾರು 29 ಮಿಲಿಮೀಟರ್. ಅದರ ಕಾಲು ಭಾಗಕ್ಕಾಗಿ ದುಬಾರಿ ನಳಿಗೆ ಕೊಳ್ಳುವವರು, ಅದರ ಮೂರನೆಯ ಒಂದು ಭಾಗವನ್ನು ಕಳೆಯಬಲ್ಲ ಸಂಧಿಯನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಿರುವುದು ವಿವೇಕವಲ್ಲ.

ಮಾರುಕಟ್ಟೆಯ ಮಾತುಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಲೋಹದ ಹೆಸರು. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕಿಂತ 7075 ಬಲವಾದುದು, ಆದ್ದರಿಂದ ಅದರಲ್ಲಿ ಕೊಳವೆಯನ್ನು ತೆಳುವಾಗಿಯೂ ಹಗುರವಾಗಿಯೂ ಮಾಡಬಹುದು ಎಂಬ ವಾದ ಕಿವಿಗೆ ಹಿತವಾಗಿದೆ. ಇಲ್ಲಿ ಬಲ ಮತ್ತು ಪೆಡಸು ಎಂಬ ಎರಡು ಗುಣಗಳು ಒಂದರಲ್ಲೊಂದು ಕಲಸಿಹೋಗಿವೆ. ಬಲವೆಂದರೆ ಲೋಹ ಶಾಶ್ವತವಾಗಿ ಸೊಟ್ಟಗಾಗುವ ಮೊದಲು ತಾಳಬಲ್ಲ ಒತ್ತಡ. ಟಿ6 ಹದದಲ್ಲಿ ಅದು 6061ಕ್ಕೆ ಸುಮಾರು 276, 7075ಕ್ಕೆ ಸುಮಾರು 503 ಮೆಗಾಪ್ಯಾಸ್ಕಲ್. ಪೆಡಸೆಂದರೆ ಒತ್ತಿದಾಗ ಬಾಗದಿರುವ ಗುಣ. ಅದನ್ನು ಅಳೆಯುವ ಯಂಗ್ ಗುಣಾಂಕ 6061ಕ್ಕೆ ಸುಮಾರು 69, 7075ಕ್ಕೆ ಸುಮಾರು 72 ಗಿಗಾಪ್ಯಾಸ್ಕಲ್, ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಲವಾದ ಲೋಹವೆಂಬ ನೆಪದಲ್ಲಿ ಗೋಡೆಯನ್ನು ತೆಳುಗೊಳಿಸಿದ ಕೊಳವೆ ಮುರಿಯುವುದಿಲ್ಲ, ಸೊಟ್ಟಗೂ ಆಗುವುದಿಲ್ಲ, ಆದರೆ ಹೆಚ್ಚು ಬಾಗುತ್ತದೆ. ಭಾರ ತೆಗೆದ ಕೂಡಲೇ ನೆಟ್ಟಗಾಗುವುದರಿಂದ ಬಾಗಿತ್ತೆಂಬುದು ಕಣ್ಣಿಗೂ ಬೀಳುವುದಿಲ್ಲ. ಮೆಗ್ನೀಸಿಯಂ ಕೊಳವೆಗಳ ಸಂಗತಿ ಇದಕ್ಕಿಂತ ಕಡೆ, ಆ ಲೋಹದ ಗುಣಾಂಕ ಸುಮಾರು 45 ಗಿಗಾಪ್ಯಾಸ್ಕಲ್ ಮಾತ್ರ.

ಪೆಡಸು ನಿಜವಾಗಿ ಬರುವುದು ಆಕಾರದಿಂದ. ತೆಳುಗೋಡೆಯ ಕೊಳವೆಯ ಪೆಡಸು ವ್ಯಾಸದ ಮೂರನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ತೂಕ ಮಾತ್ರ ವ್ಯಾಸಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ 38 ಮಿಲಿಮೀಟರ್‌ನಿಂದ 46ಕ್ಕೆ ಏರಿದರೆ ತೂಕ ಐದನೆಯ ಒಂದು ಪಾಲಿನಷ್ಟು ಬೆಳೆಯುತ್ತದೆ, ಪೆಡಸು ಮುಕ್ಕಾಲು ಪಾಲಿಗೂ ಹೆಚ್ಚು ಬೆಳೆಯುತ್ತದೆ. ತೂಕ ಉಳಿಸುವುದೇ ಗುರಿಯಾಗಿದ್ದರೂ ಅಗಲವಾದ ಕೊಳವೆಯೇ ಜಾಣತನದ ದಾರಿ. ಇಂದಿನ ಸಪೂರದ ಹುಚ್ಚು ತಾನು ಆರಾಧಿಸುವ ತೂಕದ ಲೆಕ್ಕದಲ್ಲಿಯೂ ಸೋಲುತ್ತದೆ. ಅಗಲದಿಂದ ಇನ್ನೂ ಒಂದು ಲಾಭವಿದೆ: ನಳಿಗೆಯ ಮೇಲೆ ಕೂತು ಅನಿಲವನ್ನು ಹಿಂದಕ್ಕೆ ತಿರುಗಿಸುವ ಗ್ಯಾಸ್ ಬ್ಲಾಕ್‌ಗೂ ದಪ್ಪ ನಳಿಗೆಗೂ ಒಳಗೆ ಸಾಕಷ್ಟು ತೆರವು ಸಿಗುತ್ತದೆ. ಬಾಗಿದ ಸಪೂರ ಕೊಳವೆ ಗ್ಯಾಸ್ ಬ್ಲಾಕನ್ನು ಒಮ್ಮೆ ತಾಗಿದರೂ ಫ್ರೀ-ಫ್ಲೋಟ್ ಎಂಬ ಹೆಸರು ಪೆಟ್ಟಿಗೆಯ ಮೇಲಷ್ಟೇ ಉಳಿಯುತ್ತದೆ. ತೂಕ ಇಳಿಸಲೆಂದು ಕೊರೆದ ಕಿಂಡಿಗಳೂ ಬುಡವನ್ನು ಬಿಗಿಯಲೆಂದು ಉದ್ದಕ್ಕೆ ಸೀಳಿದ ತಳವೂ ಇದೇ ಲೆಕ್ಕಕ್ಕೆ ಸೇರುತ್ತವೆ, ಏಕೆಂದರೆ ಮುಚ್ಚಿದ ಕೊಳವೆ ತಿರುಚನ್ನು ತಡೆಯುವಷ್ಟು ಸೀಳಿದ ಕೊಳವೆ ಎಂದಿಗೂ ತಡೆಯಲಾರದು.

ಪ್ರಚಲಿತ ಅಭಿಪ್ರಾಯದವರು ತಮ್ಮ ಪರವಾಗಿ ಮುಂದಿಡುವ ಪುರಾವೆಗಳಲ್ಲಿ ಒಂದು 2017ರಲ್ಲಿ ಹೊರಬಂದ, ಅಮೆರಿಕದ ನೌಕಾದಳದ ಕ್ರೇನ್ ಕೇಂದ್ರದಲ್ಲಿ ನಡೆದ ಪರೀಕ್ಷೆ. ಉಪಕರಣಗಳನ್ನು ಸೀಳುಗಳಿಗೆ ಸಿಕ್ಕಿಸುವ ಎರಡು ವ್ಯವಸ್ಥೆಗಳನ್ನು, 2012ರಲ್ಲಿ ಬಂದ ಕೀಮಾಡ್ ಮತ್ತು 2014ರಲ್ಲಿ ಮ್ಯಾಗ್‌ಪುಲ್ ಸಂಸ್ಥೆ ತಂದ ಎಂ-ಲಾಕ್ ಅನ್ನು, ಅಲ್ಲಿ ಹೋಲಿಸಲಾಯಿತು; ಉಪಕರಣವನ್ನು ಕಳಚಿ ಮತ್ತೆ ಕೂರಿಸಿದಾಗ ಅದರ ಗುರಿ ಸರಾಸರಿ ಎಂ-ಲಾಕ್‌ನಲ್ಲಿ 1.3, ಕೀಮಾಡ್‌ನಲ್ಲಿ 4.9 ಎಂಒಎ ಸರಿದಿತ್ತು. ಎಂ-ಲಾಕ್ ಗೆದ್ದದ್ದು ನ್ಯಾಯವೇ. ಆದರೆ ಆ ಪರೀಕ್ಷೆ ಉತ್ತರಿಸಿದ ಪ್ರಶ್ನೆ ಸೀಳಿಗೂ ಉಪಕರಣಕ್ಕೂ ನಡುವಿನ ಹಿಡಿತದ್ದು. ಸೀಳುಳ್ಳ ಕೊಳವೆಗೂ ರಿಸೀವರ್‌ಗೂ ನಡುವಿನ ಹಿಡಿತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎಂ-ಲಾಕ್ ಇದೆಯೆಂದ ಮಾತ್ರಕ್ಕೆ ಹ್ಯಾಂಡ್‌ಗಾರ್ಡ್ ಸ್ಥಿರವೆಂದು ನಂಬುವವನು ಒಂದು ಪರೀಕ್ಷೆಯ ಅಂಕವನ್ನು ಇನ್ನೊಂದು ಪರೀಕ್ಷೆಗೆ ಬರೆದುಕೊಳ್ಳುತ್ತಾನೆ.

ಎದುರುಪಕ್ಷದ ಅತಿ ಬಲವಾದ ಆಕ್ಷೇಪವನ್ನು ಈಗ ಎದುರಿಸಬೇಕು. ಸ್ಕೋಪೂ ನಳಿಗೆಯೂ ರಿಸೀವರ್‌ಗೆ ಸೇರಿವೆ, ಹ್ಯಾಂಡ್‌ಗಾರ್ಡ್ ಇವೆರಡರ ನಡುವೆ ಬರುವುದಿಲ್ಲ, ಆದ್ದರಿಂದ ಅದು ಎಷ್ಟು ಬಾಗಿದರೂ ಗುರಿ ಕೆಡುವುದಿಲ್ಲ ಎಂಬುದು ಆ ಆಕ್ಷೇಪ. ಕೊಳವೆ ಬಾಗುವುದೇ ಗುಂಡನ್ನು ಸರಿಸುತ್ತದೆಂದು ವಾದಿಸಿದರೆ ಈ ಆಕ್ಷೇಪ ನಿಲ್ಲುತ್ತದೆ. ಭಾರ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ನಿಲ್ಲುವುದಿಲ್ಲ. ಕೊಳವೆಯ ಮೇಲೆ ಬಿದ್ದ ಭಾರ ರಿಸೀವರ್‌ಗೆ ಇಳಿಯಲೇಬೇಕು, ಇಳಿಯುವ ದಾರಿಯಲ್ಲಿ ನಳಿಗೆಯ ಸಂಧಿ ಇದೆ. ಸಂಧಿ ಸಡಿಲವಿಲ್ಲದೆ ಕೂತಿದ್ದರೆ ಸರಿತ ಕಡಿಮೆ, ಸಡಿಲವಿದ್ದರೆ ಹೆಚ್ಚು. ಎರಡೂ ಸಂದರ್ಭಗಳಲ್ಲಿ ನಿರ್ಣಾಯಕವಾಗುವುದು ಈ ಆಕ್ಷೇಪ ಗಣನೆಗೇ ತಂದುಕೊಳ್ಳದ ಸಂಧಿ. ಇನ್ನೂ ಒಂದು ವಿಷಯವನ್ನು ಗಮನಿಸಬೇಕು: ಸ್ಕೋಪಿನ ಮೌಂಟನ್ನು ಒಂದು ಕಾಲು ರಿಸೀವರ್ ಮೇಲೂ ಇನ್ನೊಂದು ಕಾಲು ಹ್ಯಾಂಡ್‌ಗಾರ್ಡ್ ಮೇಲೂ ಬರುವಂತೆ ಕೂರಿಸಬಾರದು ಎಂಬ ನಿಯಮವನ್ನು ಇದೇ ಜನ ಹೊಸಬರಿಗೆ ಕಟ್ಟುನಿಟ್ಟಾಗಿ ಕಲಿಸುತ್ತಾರೆ. ಹ್ಯಾಂಡ್‌ಗಾರ್ಡ್ ರಿಸೀವರ್‌ಗೆ ಹೋಲಿಸಿದರೆ ಅಲುಗುತ್ತದೆಂಬ ಒಪ್ಪಿಗೆ ಆ ನಿಯಮದೊಳಗೇ ಅಡಗಿದೆ. ಹೀಗಿದ್ದೂ ಮುಂಗುರಿಯನ್ನೋ ಲೇಸರನ್ನೋ ಹ್ಯಾಂಡ್‌ಗಾರ್ಡ್‌ನ ತುದಿಗೆ ಕೂರಿಸಲು ಅವರು ಹಿಂಜರಿಯುವುದಿಲ್ಲ. ಎರಡು ಗುರಿಕಡ್ಡಿಗಳ ನಡುವೆ 500 ಮಿಲಿಮೀಟರ್ ಅಂತರವಿರುವಾಗ ಮುಂದಿನದು 0.1 ಮಿಲಿಮೀಟರ್ ಸರಿದರೆ 100 ಮೀಟರ್‌ನಲ್ಲಿ 20 ಮಿಲಿಮೀಟರ್ ತಪ್ಪುತ್ತದೆ.

ಎರಡನೆಯ ಆಕ್ಷೇಪ ಹಗುರತೆಯದು: ಮುಂಭಾಗದ ತೂಕ ರೈಫಲನ್ನು ಜಡಗೊಳಿಸುತ್ತದೆ, ಬೇಗ ತಿರುಗಿಸಲಾಗದಂತೆ ಮಾಡುತ್ತದೆ ಎಂಬುದು. ಹೆಗಲಿಗೇರಿಸಿ ದಿನವಿಡೀ ನಡೆಯುವವನಿಗೆ ಇದು ಸತ್ಯ. ಆದರೆ ದಪ್ಪ ನಳಿಗೆಯನ್ನೂ ಕಿಲೋ ತೂಗುವ ಸ್ಕೋಪನ್ನೂ ಬೈಪಾಡನ್ನೂ ಬೇಕೆಂದೇ ಹೊತ್ತ ರೈಫಲ್‌ನಲ್ಲಿ, ಎಲ್ಲ ಭಾರವನ್ನು ನೆಲಕ್ಕೆ ಮುಟ್ಟಿಸುವ ಏಕೈಕ ಅಂಗದಿಂದ ಕೆಲವು ನೂರು ಗ್ರಾಂ ಕಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. 2012ರಲ್ಲಿ ಆರಂಭವಾದ ಪ್ರಿಸಿಷನ್ ರೈಫಲ್ ಸೀರೀಸ್ ಮಾದರಿಯ ಸ್ಪರ್ಧೆಗಳಲ್ಲಿ ರೈಫಲನ್ನು ಅಡ್ಡಗಟ್ಟೆಗಳ ಮೇಲೂ ತ್ರಿಪಾದಿಗಳ ಮೇಲೂ ಊರಿ ಹೊಡೆಯುವವರು ತಮ್ಮ ರೈಫಲ್‌ಗಳಿಗೆ ತೂಕದ ಗಟ್ಟಿಗಳನ್ನು ತಾವಾಗಿಯೇ ಸೇರಿಸುತ್ತಾರೆ, ಏಕೆಂದರೆ ಅಲುಗದಿರುವುದೇ ಅಲ್ಲಿ ಗೆಲುವು.

ಮುಟ್ಟದಿರುವುದೇ ನಿಖರತೆಯ ಮಂತ್ರವಲ್ಲ ಎಂಬುದಕ್ಕೆ ಚರಿತ್ರೆಯೂ ಸಾಕ್ಷಿ. ಭಾರತದ ಪೊಲೀಸರ ಹೆಗಲ ಮೇಲೆ ಬಹುಕಾಲ ಇದ್ದು ಕನ್ನಡಿಗರಿಗೆ ತ್ರೀ ನಾಟ್ ತ್ರೀ ಎಂದೇ ಪರಿಚಿತವಾದ ಲೀ-ಎನ್‌ಫೀಲ್ಡ್ ಕುಲದ ರೈಫಲ್‌ಗಳಲ್ಲಿ ನಳಿಗೆ ತೇಲುತ್ತಿರಲಿಲ್ಲ. ಆ ಕುಲದ ನಂಬರ್ 4 ರೈಫಲ್‌ನಲ್ಲಿ ಮರದ ಮುಂಗಟ್ಟು ನಳಿಗೆಯ ತುದಿಯನ್ನು ನಿಗದಿತ ಬಲದಿಂದ ಮೇಲಕ್ಕೆ ಒತ್ತುವಂತೆ ಕುಶಲಕರ್ಮಿಗಳು ಜೋಡಿಸುತ್ತಿದ್ದರು. ಆ ಒತ್ತಡ ಒಂದೇ ಸಮನಾಗಿದ್ದಷ್ಟು ಕಾಲ ಅವು ಚೆನ್ನಾಗಿ ಹೊಡೆಯುತ್ತಿದ್ದವು, ಮಳೆಗಾಲದ ತೇವಕ್ಕೆ ಮರ ಉಬ್ಬಿಯೋ ಬೇಸಗೆಗೆ ಕುಗ್ಗಿಯೋ ಒತ್ತಡ ಬದಲಾದಾಗ ಗುಂಡು ಜಾಗ ಬದಲಿಸುತ್ತಿತ್ತು. ನಳಿಗೆಯನ್ನು ಬಿಡಿಸಿ ನಿಲ್ಲಿಸುವ ಪದ್ಧತಿ ಗೆದ್ದದ್ದು ಮುಟ್ಟುವುದು ಪಾಪವೆಂದಲ್ಲ, ಬದಲಾಗುವ ಬಲವನ್ನು ನಳಿಗೆಯಿಂದ ದೂರವಿಡಲು ಅದೇ ಸುಲಭದ ದಾರಿಯಾದ್ದರಿಂದ. ಬಾಗುವ ಕೊಳವೆಯ ಮೂಲಕ, ಸಡಿಲ ಸಂಧಿಯ ಮೂಲಕ ಅದೇ ಬದಲಾಗುವ ಬಲವನ್ನು ಹಿಂಬಾಗಿಲಿನಿಂದ ಒಳಬಿಡುವವನು ಆ ಪದ್ಧತಿಯ ಉದ್ದೇಶವನ್ನೇ ಸೋಲಿಸುತ್ತಾನೆ.

ಒಲಿಂಪಿಕ್ ಕ್ರೀಡೆಯಲ್ಲಿ ಈ ಅರಿವು ಎಂದೋ ನೆಲೆಗೊಂಡಿದೆ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ತ್ರಿಭಂಗಿ ಸ್ಪರ್ಧೆಯಲ್ಲಿ ಗುರಿಗಾರ ಮಂಡಿಯೂರಿಯೂ ಮಲಗಿಯೂ ಹೊಡೆಯುವಾಗ ಸ್ಲಿಂಗ್ ಬಳಸಬಹುದು, ನಿಂತು ಹೊಡೆಯುವಾಗ ಬಳಸುವಂತಿಲ್ಲ. ಒಂದೇ ರೈಫಲ್ ಒಂದೇ ಸ್ಪರ್ಧೆಯೊಳಗೆ ಬಿಗಿದ ಪಟ್ಟಿಯ ಎಳೆತವನ್ನೂ ಅದರ ಅಭಾವವನ್ನೂ ಕಾಣುತ್ತದೆ. ಅಂಥ ರೈಫಲ್‌ಗಳಲ್ಲಿ ಪಟ್ಟಿಯ ಕೊಂಡಿ ಮುಂಗಟ್ಟಿನ ತಳದ ಲೋಹದ ಹಳಿಗೆ ಸೇರಿರುತ್ತದೆ, ನಳಿಗೆ ಪೂರ್ತಿ ಬಿಡುವಾಗಿರುತ್ತದೆ. ಆ ಮುಂಗಟ್ಟು ಪೆಡಸಾಗಿಯೂ ತೂಕವಾಗಿಯೂ ಇರುವುದನ್ನು ಅಲ್ಲಿ ಯಾರೂ ದೋಷವೆಂದು ಎಣಿಸುವುದಿಲ್ಲ.

ಆದ್ದರಿಂದ ಆಯ್ಕೆಯ ಕ್ರಮ ತಲೆಕೆಳಗಾಗಬೇಕು. ಮೊದಲು ನೋಡಬೇಕಾದದ್ದು ಬುಡದ ಹಿಡಿತ: ಹ್ಯಾಂಡ್‌ಗಾರ್ಡ್ ನಟ್‌ನ ಮೇಲೆ ಎಷ್ಟು ಉದ್ದಕ್ಕೆ ಕೂರುತ್ತದೆ, ತಿರುಗದಂತೆ ತಡೆಯುವ ಏರ್ಪಾಡು ಏನು, ಭಾರವನ್ನು ರಿಸೀವರ್‌ಗೆ ನೇರವಾಗಿ ದಾಟಿಸುತ್ತದೆಯೇ ಎಂಬ ಪ್ರಶ್ನೆಗಳು. ರಿಸೀವರ್ ಮತ್ತು ಹ್ಯಾಂಡ್‌ಗಾರ್ಡ್ ಒಂದೇ ಲೋಹದ ಗಟ್ಟಿಯಿಂದ ಕಡೆದ ಏಕಖಂಡ ರಚನೆಗಳು ಈ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕ ಉತ್ತರ. ಅವುಗಳ ತೂಕವೂ ಬೆಲೆಯೂ ಹೆಚ್ಚೆಂಬುದು ನಿಜ, ಆದರೆ ಆ ಹೆಚ್ಚಳ ಸರಿಯಾದ ಜಾಗದಲ್ಲಿ ಖರ್ಚಾಗಿದೆ. ಎರಡನೆಯದು ಅಡ್ಡಕೊಯ್ತ: ಅಗಲ, ಗೋಡೆಯ ದಪ್ಪ, ಕಿಂಡಿಗಳ ಮಿತಿ. ಮೂರನೆಯದು ಉದ್ದ, ಅದನ್ನು ಆಸರೆ ಎಲ್ಲಿ ಬೇಕೆಂಬುದು ನಿರ್ಧರಿಸಬೇಕೇ ಹೊರತು ನೋಟದ ಅಂದವಲ್ಲ. ಸೀಳುಗಳ ಬಗೆಯನ್ನೂ ತೂಕವನ್ನೂ ಇವೆಲ್ಲ ತೀರ್ಮಾನವಾದ ಮೇಲೆ ಕೊನೆಯಲ್ಲಿ ನೋಡಿದರೆ ಸಾಕು.

ಜೋಡಣೆ ಮುಗಿದ ಮೇಲಿನ ಪರೀಕ್ಷೆಯೂ ಇದೇ ಕ್ರಮವನ್ನು ಅನುಸರಿಸಬೇಕು. ಮರಳುಚೀಲದ ಮೇಲೆ ಒಂದು ಗ್ರೂಪ್, ಮುಂದಕ್ಕೆ ಒತ್ತಿದ ಬೈಪಾಡ್ ಮೇಲೆ ಒಂದು, ಬಿಗಿದ ಸ್ಲಿಂಗ್‌ನೊಂದಿಗೆ ಒಂದು, ಅಡ್ಡಗಟ್ಟೆಯ ಮೇಲೆ ಒಂದು ಹೊಡೆದು, ಅವುಗಳ ಅಗಲವನ್ನಲ್ಲ, ಅವುಗಳ ನಡುಬಿಂದುಗಳ ನಡುವಿನ ಅಂತರವನ್ನು ಅಳೆಯಬೇಕು. ಹೊಡೆಯುವವನ ಕೈಚಳಕದ ವ್ಯತ್ಯಾಸವನ್ನು ಕಳೆಯಲು ಅದನ್ನು ಹಲವು ಸಲ ಮಾಡಬೇಕು. ಆ ಅಂತರ ಕಿರಿದಾಗಿದ್ದರೆ ಹ್ಯಾಂಡ್‌ಗಾರ್ಡ್ ತನ್ನ ಕೆಲಸ ಮಾಡುತ್ತಿದೆ, ಹಿರಿದಾಗಿದ್ದರೆ ಅದು ಎಷ್ಟೇ ಹಗುರವಾಗಿದ್ದರೂ ದುಬಾರಿಯಾಗಿದ್ದರೂ ನಿಖರ ರೈಫಲ್‌ಗೆ ಅನರ್ಹ. ಮಾರುವವರು ಪೆಟ್ಟಿಗೆಯ ಮೇಲೆ ಗ್ರಾಂಗಳನ್ನು ಅಚ್ಚು ಹಾಕುವ ಹಾಗೆಯೇ, ನಿಗದಿತ ಭಾರಕ್ಕೆ ನಿಗದಿತ ದೂರದಲ್ಲಿ ಕೊಳವೆ ಎಷ್ಟು ಬಾಗುತ್ತದೆಂಬ ಅಂಕವನ್ನೂ ಅಚ್ಚು ಹಾಕಬೇಕೆಂದು ಕೊಳ್ಳುವವರು ಒತ್ತಾಯಿಸುವವರೆಗೆ, ತೂಕವೊಂದೇ ಓದಲು ಸಿಗುವ ಅಂಕವಾಗಿರುತ್ತದೆ, ಸುಲಭಕ್ಕೆ ಸಿಗುವ ಅಂಕವೇ ಮೌಲ್ಯವೆಂದು ಮೆರೆಯುತ್ತಿರುತ್ತದೆ.